ಅಜ್ಜಿಯ ಹದಿನಾಲ್ಕು ಅಡಿಕೆ

ಅದು ಯಾವ ಮಳೆ ಅನ್ನುವುದರಲ್ಲೇ ನಮ್ಮ ಮನೆಯಲ್ಲಿ ಇವತ್ತಿಗೂ ಒಮ್ಮತವಿಲ್ಲ. ಪುನರ್ವಸು ಅಂತ ನನ್ನ ನೆನಪು. ಚಿಕ್ಕಮ್ಮ ಮಾತ್ರ ‘ಅಲ್ಲ ಕಣೋ, ಪುಷ್ಯ ಹಿಡಿದಾಗಿತ್ತು, ಪತ್ರೊಡೆ ಕಟ್ಟಿ ಕಳಿಸಿದ್ದೆನಲ್ಲ’ ಅನ್ನುತ್ತಾಳೆ. ಕೆಸುವಿನೆಲೆ ಎರಡೂ ಮಳೆಯಲ್ಲಿ ಸಿಗುತ್ತದೆ, ಹಾಗಾಗಿ ಪತ್ರೊಡೆಯ ಸಾಕ್ಷಿಯಿಂದ ಏನೂ ತೀರ್ಮಾನವಾಗುವುದಿಲ್ಲ. ಶಂಕರ್‌ನಾಗ್ ಬಂದು ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ತೆಗೆದು ಹೋದ ಮೇಲಿನ ಯಾವುದೋ ಮಳೆಗಾಲ ಅನ್ನುವುದಂತೂ ಖಂಡಿತ. ಏಕೆಂದರೆ ಆ ದಿನ ಆಗುಂಬೆಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೂತಾಗ ಪಕ್ಕದ ಬೆಂಚಿನವರು ಅದನ್ನೇ ಮಾತಾಡುತ್ತಿದ್ದರು.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿಗೂ ಈಚೆಗೆ. ಉಡುಪಿಯಲ್ಲಿದ್ದ ದೊಡ್ಡತ್ತೆ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಳು. ಮಗಳನ್ನು ನೋಡಲೇಬೇಕು ಅಂತ ಅಜ್ಜಿ ಹಟ ಹಿಡಿದಳು. ಮಳೆ ಹೊಳವಾಗಲಿ ಅಂತ ಅಪ್ಪ ಹೇಳಿದ. ‘ಆಗುಂಬೆ ಮಳೆ ಹೊಳವಾಗುವುದನ್ನು ಕಾಯುತ್ತ ಕೂತರೆ ಅವಳ ಕಾಲು ಕೂಡಿ ಅವಳೇ ಇಲ್ಲಿಗೆ ನಡೆದು ಬರುತ್ತಾಳೆ’ ಅಂದಳು ಅಜ್ಜಿ. ಅಲ್ಲಿಗೆ ಆ ಮಾತು ಮುಗಿಯಿತು.

ಕಾರು ಚಿಕ್ಕಪ್ಪನದು. ಹಳೆಯ ಅಂಬಾಸಿಡರ್, ಕೊಳ್ಳುವಾಗಲೇ ಎರಡು ಕೈ ದಾಟಿ ಬಂದದ್ದು. ಬಂಗಾಳದ ಉತ್ತರಪಾರಾದಲ್ಲಿ ಹುಟ್ಟಿದ ಈ ಗಾಡಿಗೆ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಅಂತ ಚಿಕ್ಕಪ್ಪ ಬಂದವರಿಗೆಲ್ಲ ಹೇಳುತ್ತಿದ್ದ, ಮನೆತನದ ಗೋತ್ರ ಹೇಳುವ ಹಾಗೆ. ನಲವತ್ತರ ಮೇಲೆ ಓಡಿಸುತ್ತಿರಲಿಲ್ಲ. ಹೊರಡುವ ಮುಂಚೆ ಹಳೆಯ ಪಂಚೆಯ ತುಂಡಿನಿಂದ ಬಾನೆಟ್ಟು ಒರೆಸಬೇಕು, ಮಳೆ ಸುರಿಯುತ್ತಿದ್ದರೂ ಸರಿ. ಮಳೆಗಾಲದಲ್ಲಿ ಆ ಕಾರಿನ ಸೀಟಿಗೆ ಬೂಷ್ಟು ಹಿಡಿಯುತ್ತಿತ್ತು. ಬಾಗಿಲು ತೆಗೆದರೆ ಹಸಿ ಗೋಣಿಚೀಲದ ವಾಸನೆ. ಆ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ನನಗೆ ಈಗಲೂ ಚಿಕ್ಕಪ್ಪನ ನೆನಪಾಗುತ್ತದೆ.

ಆ ಕಾರಿಗೆ ಆಗ ಒಂದು ಕಾಯಿಲೆ ಹಿಡಿದಿತ್ತು. ಬ್ರೇಕು ತಡವಾಗಿ ಹಿಡಿಯುತ್ತಿತ್ತು. ಹಿಡಿಯುತ್ತಲೇ ಇರಲಿಲ್ಲ ಅಂತಲ್ಲ. ಒತ್ತಿದ ಮೇಲೆ ಒಂದು ಗಳಿಗೆ ಯೋಚನೆ ಮಾಡಿ ಹಿಡಿಯುತ್ತಿತ್ತು. ಒತ್ತಿದ ಕೂಡಲೇ ಕಾರು ಚೂರು ಎಡಕ್ಕೆ ಮೂತಿ ತಿರುಗಿಸುತ್ತಿತ್ತು, ಆಮೇಲೆ ನೆಟ್ಟಗಾಗಿ ನಿಲ್ಲುತ್ತಿತ್ತು. ಕಾಲು ತೆಗೆದರೆ ಈಗ ಬಲಕ್ಕೆ ಎಳೆತ. ಇದು ಒಂದೇ ದಿನದಲ್ಲಿ ಬಂದದ್ದಲ್ಲ. ಅಡಿಕೆ ಕೊಯ್ಲಿನ ಹೊತ್ತಿಗೆ ಸ್ವಲ್ಪ, ಬೇಸಿಗೆಗೆ ಇನ್ನೂ ಸ್ವಲ್ಪ, ಹೀಗೆ ಬಂದು ಮಳೆಗಾಲದ ಹೊತ್ತಿಗೆ ಕೂತುಬಿಟ್ಟಿತ್ತು. ನಿಧಾನಕ್ಕೆ ಬಂದದ್ದಕ್ಕೆ ಮೈ ಒಗ್ಗಿಹೋಗುತ್ತದೆ. ಚಿಕ್ಕಪ್ಪನ ಕಾಲು ತಾನೇ ಲೆಕ್ಕ ಹಾಕಿಕೊಂಡಿತ್ತು: ನಿಲ್ಲಿಸಬೇಕಾದ ಜಾಗಕ್ಕೆ ಹತ್ತು ಮಾರು ಮುಂಚೆಯೇ ಒಂದು ಸಲ ಒತ್ತುವುದು, ಬಿಟ್ಟು ಮತ್ತೆ ಒತ್ತುವುದು. ಕೈ ತಾನಾಗಿಯೇ ಸ್ಟೀರಿಂಗನ್ನು ಬಲಕ್ಕೆ ಒತ್ತಿ ಹಿಡಿಯುತ್ತಿತ್ತು. ಪಕ್ಕದಲ್ಲಿ ಕೂತ ನಮಗೂ ಅದು ಕಾರಿನ ಸ್ವಭಾವ ಅನ್ನಿಸಿತ್ತೇ ಹೊರತು ರೋಗ ಅನ್ನಿಸಿರಲಿಲ್ಲ.

ಕಾರಣ ಹುಡುಕಲಿಲ್ಲ ಅಂತಲೂ ಅಲ್ಲ. ಮೊದಲು ಮಳೆಯ ಮೇಲೆ ಹಾಕಿದ್ದಾಯಿತು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಗಾಡಿಗಳನ್ನು ನೀರಿನಲ್ಲಿ ಓಡಿಸಿದವರಿಗೆಲ್ಲ ಗೊತ್ತು, ಹಳ್ಳ ದಾಟಿದ ಮೇಲೆ ಡ್ರಮ್ಮಿನೊಳಗೆ ನೀರು ಹೋಗಿ ಲೈನರ್ ಜಾರುತ್ತದೆ. ಎಡಗಾಲಲ್ಲಿ ಪೆಡಲನ್ನು ಹಗುರವಾಗಿ ಒತ್ತಿಕೊಂಡೇ ಒಂದು ಫರ್ಲಾಂಗು ಹೋದರೆ ಬಿಸಿಗೆ ಆರಿ ಸರಿಯಾಗುತ್ತದೆ. ಹಾಗಾಗಿ ‘ನೆಂದಿದೆ’ ಅನ್ನುವುದು ನಮ್ಮ ಕಡೆ ಎಲ್ಲ ಬ್ರೇಕಿಗೂ ಹೇಳುವ ಸಮಾಧಾನ. ಆದರೆ ಬೇಸಿಗೆಯಲ್ಲೂ ಹೀಗೇ ಇತ್ತಲ್ಲ ಅನ್ನುವುದು ಯಾರಿಗೂ ಹೊಳೆಯಲಿಲ್ಲ. ಆಮೇಲೆ ಪೇಟೆಯ ಒಂದು ಗ್ಯಾರೇಜಿನಲ್ಲಿ ನಾಲ್ಕೂ ಚಕ್ರದ ಲೈನರ್ ಬದಲಾಯಿಸಿದರು. ನಾಲ್ಕು ದಿನ ಚೆನ್ನಾಗಿದೆ ಅನ್ನಿಸಿತು, ದುಡ್ಡು ಕೊಟ್ಟವರಿಗೆ ಅನ್ನಿಸುವ ಹಾಗೆ. ಇನ್ನೊಂದು ವಿಷಯ ಈಗ ನೆನಪಾಗುತ್ತಿದೆ: ಆ ವರ್ಷ ಪೆಟ್ರೋಲು ಜಾಸ್ತಿ ಕುಡಿಯುತ್ತಿದೆ ಅಂತ ಚಿಕ್ಕಪ್ಪ ಕಾರ್ಬುರೇಟರನ್ನು ಎರಡು ಸಲ ಬಿಚ್ಚಿಸಿದ್ದ. ಅದಕ್ಕೂ ಬ್ರೇಕಿಗೂ ಸಂಬಂಧ ಉಂಟು ಅಂತ ನಮಗೆ ತಿಳಿದದ್ದು ಹೆಬ್ರಿಯಲ್ಲಿ. ಅಲ್ಲಿಗೆ ಬರುತ್ತೇನೆ.

ಬೆಳಿಗ್ಗೆ ಹೊರಟೆವು. ಮುಂದೆ ಚಿಕ್ಕಪ್ಪ, ನಾನು. ಹಿಂದಿನ ಸೀಟಿನ ಉದ್ದಕ್ಕೂ ಅಜ್ಜಿಯ ಸಂಸಾರ: ಪತ್ರೊಡೆಯ ಬಾಳೆಲೆ ಗಂಟು, ಅತ್ತೆಗೆ ಅಂತ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ, ಎಣ್ಣೆಯ ಬಾಟ್ಲಿ, ಕಂಬಳಿ, ಕೊಡೆ, ಎಲೆಯಡಿಕೆ ಸಂಚಿ. ಅಜ್ಜಿಗೆ ಘಾಟಿ ಅಂದರೆ ಹೆದರಿಕೆ. ಹೆದರಿಕೆಯನ್ನು ಹೇಳಿಕೊಳ್ಳುವ ಜಾತಿಯಲ್ಲ ಅವಳು. ಅದಕ್ಕೊಂದು ಕೆಲಸ ಹಚ್ಚುತ್ತಿದ್ದಳು. ಆಗುಂಬೆ ಘಾಟಿಗೆ ಹದಿನಾಲ್ಕು ತಿರುವು. ಅಜ್ಜಿ ಸಂಚಿಯಿಂದ ಹದಿನಾಲ್ಕು ಗೋಟಡಿಕೆ ಎಣಿಸಿ ಮಡಿಲ ಎಡಕ್ಕೆ ಹಾಕಿಕೊಳ್ಳುವುದು, ಒಂದು ತಿರುವು ಕಳೆದರೆ ಒಂದು ಅಡಿಕೆಯನ್ನು ಬಲಕ್ಕೆ ಸರಿಸುವುದು. ಎಡಗಡೆ ಖಾಲಿಯಾದರೆ ಸೋಮೇಶ್ವರ. ತಿರುವಿನಲ್ಲಿ ನಂಬರಿನ ಬೋರ್ಡು ಇದೆ ಅಜ್ಜೀ ಅಂದರೆ, ‘ಬೋರ್ಡು ನೋಡಬೇಕಾದರೆ ಹೊರಗೆ ನೋಡಬೇಕಲ್ಲ’ ಅನ್ನುತ್ತಿದ್ದಳು.

ಆಗುಂಬೆಯಲ್ಲಿ ಮಳೆ ಅಂದರೆ ಮಳೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಊರು ಅದು. ಹೋಟೆಲಿನ ಹೆಂಚಿನಿಂದ ನೀರು ಹಗ್ಗದ ಹಾಗೆ ಇಳಿಯುತ್ತಿತ್ತು. ಬಿಸಿ ಬನ್ಸು, ಕಾಫಿ. ಉಪ್ಪಿನ ಬಟ್ಟಲಲ್ಲಿ ಉಪ್ಪು ನೀರಾಗಿ ನಿಂತಿತ್ತು ಅನ್ನುವುದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಆ ಉಪ್ಪು ಆ ದಿನ ಇನ್ನೊಮ್ಮೆ ಮಾತಿಗೆ ಬಂತು.

ಸೂರ್ಯಾಸ್ತದ ಕಟ್ಟೆ ದಾಟಿ ಇಳಿಯತೊಡಗಿದೆವು. ಮಂಜು ಎಷ್ಟಿತ್ತೆಂದರೆ ಬಾನೆಟ್ಟಿನ ತುದಿ ಕಂಡರೆ ಪುಣ್ಯ. ಚಿಕ್ಕಪ್ಪ ಅಭ್ಯಾಸದಂತೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಇಳಿಸುತ್ತಿದ್ದ. ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ಏನೋ ಸುಟ್ಟ ವಾಸನೆ ಬಂತು. ‘ಯಾರೋ ಟಯರ್ ಸುಡ್ತಿದಾರೆ’ ಅಂದ ಚಿಕ್ಕಪ್ಪ. ಆ ಮಳೆಯಲ್ಲಿ, ಆ ಕಾಡಿನಲ್ಲಿ, ಟಯರ್ ಸುಡುವವರು ಯಾರು? ಆಗ ಕೇಳಲಿಲ್ಲ.

ಎಂಟನೆಯ ತಿರುವು ಅಂತ ಇಟ್ಟುಕೊಳ್ಳಿ. ಚಿಕ್ಕಪ್ಪ ಪೆಡಲು ಒತ್ತಿದ. ಕಾಲು ನೆಲದವರೆಗೂ ಹೋಯಿತು, ಕೊಳೆತ ಹಲಸಿನ ಹಣ್ಣಿನ ಮೇಲೆ ಕಾಲಿಟ್ಟ ಹಾಗೆ. ಬಿಟ್ಟು ಮತ್ತೆ ಒತ್ತಿದ, ಮತ್ತೆ ಒತ್ತಿದ. ಏನೂ ಇಲ್ಲ. ಆಮೇಲೆ ಅವನು ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಅವನ ಮೇಲೆ ಗೌರವ ಉಕ್ಕುತ್ತದೆ. ಒಂದು ಮಾತಿಲ್ಲ, ಕೂಗಿಲ್ಲ. ಗೇರು ಇಳಿಸಿದ, ಇಂಜಿನ್ನು ದನ ಕೂಗಿದ ಹಾಗೆ ಕೂಗಿತು. ಹ್ಯಾಂಡ್ ಬ್ರೇಕನ್ನು ತಟಕ್ಕನೆ ಎಳೆಯದೆ, ಬಾವಿಯಿಂದ ಕೊಡ ಎಳೆಯುವ ಹಾಗೆ ಹಂತ ಹಂತವಾಗಿ ಎಳೆದ. ಕಣಿವೆಯ ಕಡೆ ನೋಡಲೇ ಇಲ್ಲ. ಕಾರಿನ ಮೂತಿಯನ್ನು ಗುಡ್ಡದ ಕಡೆಯ ಚರಂಡಿಗೆ ಒರಗಿಸಿದ. ಮಣ್ಣು, ಜರಿಗಿಡ, ಕಲ್ಲು ಎಲ್ಲ ಕೆರೆಸಿಕೊಂಡು ಕಾರು ನಿಂತಿತು. ಹ್ಯಾಂಡ್ ಬ್ರೇಕು ಕೆಲಸ ಮಾಡಿದ್ದು ಏಕೆಂದರೆ ಅದಕ್ಕೂ ಬ್ರೇಕ್ ಆಯಿಲ್ಲಿಗೂ ಸಂಬಂಧವಿಲ್ಲ. ಅದು ತಂತಿಯಿಂದ ಹಿಂದಿನ ಚಕ್ರಗಳನ್ನು ಹಿಡಿಯುವಂಥದು. ಇದನ್ನು ಗಾಡಿ ಓಡಿಸುವ ಪ್ರತಿಯೊಬ್ಬರೂ ತಿಳಿದಿರಬೇಕು ಅನ್ನುವುದು ನನ್ನ ಆಸೆ.

ಸ್ವಲ್ಪ ಹೊತ್ತು ಮಳೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಹಿಂದಿನಿಂದ ಅಜ್ಜಿಯ ದನಿ: ‘ಎಂಟು ಆಯ್ತು. ಇನ್ನು ಆರು.’

‘ಚಕ್ರಕ್ಕೆ ಕಲ್ಲು ಕೊಡು’ ಅಂದ ಚಿಕ್ಕಪ್ಪ. ನಾನು ಇಳಿದು ಕಲ್ಲು ಹುಡುಕಿ ಕೊಟ್ಟೆ. ಕಲ್ಲಿನ ಜೊತೆಗೆ ನಾಲ್ಕು ಉಂಬಳವೂ ಹತ್ತಿದ್ದವು. ಅಜ್ಜಿ ಕೊಡೆ ಬಿಡಿಸಿಕೊಂಡು ಇಳಿದವಳೇ ಮೊದಲು ನನ್ನ ಕಾಲು ನೋಡಿದಳು, ಸಂಚಿಯ ಸುಣ್ಣ ತೆಗೆದು ಉಂಬಳದ ಮೇಲೆ ಹಚ್ಚಿ ಉದುರಿಸಿದಳು. ಆಮೇಲೆ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ‘ಈ ಚಕ್ರವೊಂದು ಯಾಕೋ ಹೊಗೆಯಾಡ್ತಿದೆ, ಬಚ್ಚಲೊಲೆ ಹಂಡೆ ಹಾಗೆ’ ಅಂದಳು. ನೋಡಿದರೆ ಹೌದು. ಉಳಿದ ಮೂರು ಚಕ್ರಗಳ ಮೇಲೆ ಮಳೆನೀರು ಸುಮ್ಮನೆ ಇಳಿದು ಹೋಗುತ್ತಿತ್ತು. ಬಲಗಡೆಯ ಮುಂದಿನ ಚಕ್ರದಲ್ಲಿ ಮಾತ್ರ ನೀರು ಬಿದ್ದಲ್ಲೇ ಚುರ್ ಅಂದು ಆವಿ ಏಳುತ್ತಿತ್ತು.

ನಾನು ಚರಂಡಿಯಿಂದ ಚೊಂಬಿನಲ್ಲಿ ನೀರು ತುಂಬಿಕೊಂಡು ಬರುವಷ್ಟರಲ್ಲಿ ಕೆಳಗಿನಿಂದ ಒಂದು ಮಿನಿ ಬಸ್ಸು ಏದುಸಿರು ಬಿಡುತ್ತ ಹತ್ತಿ ಬಂತು. ಡ್ರೈವರು ತಲೆ ಹೊರಗೆ ಹಾಕಿ, ‘ಹೋಯ್, ನೀರು ಹಾಕ್ಬೇಡಿ ಮಾರಾಯ್ರೆ! ಡ್ರಮ್ಮು ಬೀಡಿಂದು, ಒಡೀತದೆ’ ಅಂತ ಕೂಗಿದರು. ಬೀಡು ಅಂದರೆ ಎರಕದ ಕಬ್ಬಿಣ; ಕೆಂಡದ ಹಾಗೆ ಕಾದಾಗ ತಣ್ಣೀರು ಎರಚಿದರೆ ಬಿರಿಯುತ್ತದೆ. ‘ಅರ್ಧ ಗಂಟೆ ಬಿಡಿ. ಪೆಡಲು ತಾನೇ ವಾಪಸ್ ಬರ್ತದೆ. ಬಂತು ಅಂತ ನಂಬ್ಬೇಡಿ. ಫಸ್ಟ್ ಗೇರಲ್ಲೇ ಇಳಿಸಿ ಹೆಬ್ರಿಗೆ ಹೋಗಿ’ ಅಂದು ಒಬ್ಬ ಮೇಸ್ತ್ರಿಯ ಗುರುತು ಹೇಳಿದರು. ಬಸ್ಸಿನ ಅಷ್ಟೂ ಕಿಟಕಿಯಿಂದ ಜನ ನಮ್ಮನ್ನು ನೋಡಿದರು. ಬಸ್ಸು ಹೋಯಿತು.

ಆ ಅರ್ಧ ಗಂಟೆಯಲ್ಲಿ ನಾವು ಅತ್ತೆಯ ಪತ್ರೊಡೆ ತಿಂದೆವು. ಮೊದಲು ಬೇಡ ಅಂದವಳು ಅಜ್ಜಿಯೇ, ಮೊದಲು ಗಂಟು ಬಿಚ್ಚಿದವಳೂ ಅಜ್ಜಿಯೇ. ಹುಳಿ, ಖಾರ, ಬೆಲ್ಲ, ತೆಂಗಿನಕಾಯಿ ಎಲ್ಲ ಕೆಸುವಿನೆಲೆಯೊಳಗೆ ಮಲಗಿ ಒಂದಾಗಿದ್ದವು. ಎಲ್ಲೋ ಮರದ ಮೇಲೆ ಸಿಂಗಳೀಕ ಕೂಗಿತು. ಅಷ್ಟು ರುಚಿಯ ಪತ್ರೊಡೆಯನ್ನು ನಾನು ಆಮೇಲೆ ತಿಂದಿಲ್ಲ. ಜೀವ ಉಳಿದ ಮೇಲಿನ ಊಟವಾದ್ದರಿಂದ ಹಾಗಿತ್ತೋ, ಚಿಕ್ಕಮ್ಮನ ಕೈಗುಣವೋ, ಎರಡೂ ಇರಬಹುದು.

ಬಸ್ಸಿನವರು ಹೇಳಿದ ಹಾಗೆಯೇ ಪೆಡಲು ವಾಪಸ್ ಬಂತು. ಉಳಿದ ಆರು ತಿರುವನ್ನು ಫಸ್ಟ್ ಗೇರಿನಲ್ಲಿ, ನಡೆದಷ್ಟೇ ನಿಧಾನಕ್ಕೆ ಇಳಿದೆವು.

ಹೆಬ್ರಿಯ ಮೇಸ್ತ್ರಿಯದು ಗ್ಯಾರೇಜು ಅನ್ನುವುದಕ್ಕಿಂತ ಮನೆಯ ಪಕ್ಕಕ್ಕೆ ಇಳಿಸಿದ ಒಂದು ಮಾಡು. ತೆಂಗಿನ ಗರಿ, ಅದರ ಮೇಲೆ ಪ್ಲಾಸ್ಟಿಕ್ಕು. ಮೇಸ್ತ್ರಿಗೆ ಅರವತ್ತರ ಮೇಲೆ ವಯಸ್ಸು. ತೆಳ್ಳನೆ ಮನುಷ್ಯ, ಮಡಚಿ ಕಟ್ಟಿದ ಲುಂಗಿ, ಕಿವಿಯ ಮೇಲೆ ಬೀಡಿ. ನಾನು ನೋಡಿದಷ್ಟು ಹೊತ್ತೂ ಆ ಬೀಡಿ ಹಚ್ಚಲಿಲ್ಲ. ಚಿಕ್ಕಪ್ಪ ಗಡಿಬಿಡಿಯಲ್ಲಿ, ‘ಬ್ರೇಕ್ ಫೇಲು, ಲೈನರ್ ಹೊಸತು ಹಾಕ್ಸಿದ್ದು, ಆದ್ರೂ...’ ಅಂತ ಶುರು ಮಾಡಿದ. ಮೇಸ್ತ್ರಿ ಕೈಯೆತ್ತಿ ನಿಲ್ಲಿಸಿದರು. ‘ನೀವು ಹಾಕ್ಸಿದ್ದು ಆಮೇಲೆ ಹೇಳಿ. ಗಾಡಿ ಎಂತ ಹೇಳ್ತದೆ, ಅದು ಹೇಳಿ.’

ಆಮೇಲೆ ಒಂದೊಂದಾಗಿ ಕೇಳಿದರು. ಬೆಳಿಗ್ಗೆ ತಣ್ಣಗಿರುವಾಗ ಹೇಗೆ? ಓಡಿದ ಮೇಲೆ ಹೇಗೆ? ಮೊದಲ ಒತ್ತಿಗೆ ಹಿಡೀತದಾ, ಎರಡನೆಯದಕ್ಕಾ? ಒತ್ತಿದಾಗ ಯಾವ ಕಡೆ ಎಳೀತದೆ? ಬಿಟ್ಟಾಗ ಯಾವ ಕಡೆ? ಕೊನೆಯ ಎರಡು ಪ್ರಶ್ನೆಗೆ ಚಿಕ್ಕಪ್ಪ ಉತ್ತರ ಹೇಳುವಾಗ ಮೇಸ್ತ್ರಿಯ ಮುಖದಲ್ಲಿ ಏನೋ ಬದಲಾಯಿತು. ‘ಒತ್ತಿದ್ರೆ ಎಡಕ್ಕೆ, ಬಿಟ್ರೆ ಬಲಕ್ಕೆ’ ಅಂತ ತಮ್ಮಷ್ಟಕ್ಕೇ ಎರಡು ಸಲ ಹೇಳಿಕೊಂಡರು. ಅಜ್ಜಿ ಬಚ್ಚಲೊಲೆಯ ಮಾತು ಹೇಳಿದಳು. ‘ಯಾವ ಚಕ್ರ ಅಮ್ಮ?’ ‘ಮುಂದಿನದು, ಬಲಗಡೆ.’ ಮೇಸ್ತ್ರಿ ತಲೆಯಾಡಿಸಿದರು.

ಅಷ್ಟಾದರೂ ನೇರವಾಗಿ ಆ ಚಕ್ರಕ್ಕೆ ಕೈ ಹಾಕಲಿಲ್ಲ. ಅದು ನನಗೆ ಬಹಳ ಹಿಡಿಸಿತು. ನನ್ನನ್ನು ಸೀಟಿನಲ್ಲಿ ಕೂರಿಸಿ, ‘ಪೆಡಲು ಒತ್ತಿ ಹಿಡ್ಕೊ, ಬಿಡ್ಬೇಡ’ ಅಂದರು. ಒಂದು ನಿಮಿಷ. ಪೆಡಲು ನಿಂತಲ್ಲೇ ನಿಂತಿತ್ತು. ಒತ್ತಿ ಹಿಡಿದಂತೆಯೇ ಮೆಲ್ಲಗೆ ಕೆಳಗಿಳಿದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಸವೆದು ಆಯಿಲ್ಲು ಹಿಂದಕ್ಕೆ ಜಾರುತ್ತಿದೆ, ಇಲ್ಲವೇ ಎಲ್ಲೋ ಹೊರಗೆ ಸೋರುತ್ತಿದೆ ಅಂತ ಅರ್ಥ. ಇಲ್ಲಿ ಹಾಗಿಲ್ಲ. ಮಾಸ್ಟರ್ ಸಿಲಿಂಡರಿನ ಮುಚ್ಚಳ ತೆಗೆದು ಆಯಿಲ್ಲು ನೋಡಿದರು. ಹೊಸದರಲ್ಲಿ ತಿಳಿ ಜೇನಿನ ಬಣ್ಣವಿರಬೇಕಾದದ್ದು ಕಾಫಿ ಡಿಕಾಕ್ಷನ್ನಿನ ಹಾಗಿತ್ತು. ಒಂದು ಹನಿಯನ್ನು ನೀರಿನ ಲೋಟಕ್ಕೆ ಬಿಟ್ಟರು. ಕರಗಿತು. ‘ಬಚಾವ್. ಯಾರೂ ಇಂಜಿನ್ ಆಯಿಲ್ ಹಾಕ್ಲಿಲ್ಲ’ ಅಂದರು. ಇಂಜಿನ್ ಆಯಿಲ್ ಆಗಿದ್ದರೆ ನೀರಿನ ಮೇಲೆ ತೇಲುತ್ತಿತ್ತು; ಅದು ಬ್ರೇಕಿನ ರಬ್ಬರುಗಳಿಗೆ ವಿಷ, ಎಲ್ಲ ಉಬ್ಬಿಹೋಗುತ್ತವೆ.

ಆಮೇಲೆ ಜ್ಯಾಕು ಕೊಟ್ಟು ಒಂದೊಂದೇ ಚಕ್ರ ಎತ್ತಿದರು. ನಾನು ಒತ್ತುವುದು, ಬಿಡುವುದು. ಅವರು ಕೈಯಲ್ಲಿ ಚಕ್ರ ತಿರುಗಿಸುವುದು. ಮೂರು ಚಕ್ರ ಒತ್ತಿದ ಕೂಡಲೇ ನಿಂತು, ಬಿಟ್ಟ ಕೂಡಲೇ ತಿರುಗಿದವು. ನಾಲ್ಕನೆಯದು ನಾನು ಒತ್ತಿದ ಮೇಲೂ ಅರೆಗಳಿಗೆ ತಿರುಗಿ ನಿಂತಿತು. ಬಿಟ್ಟ ಮೇಲೆ ಬಿಡಲೇ ಇಲ್ಲ. ಮೇಸ್ತ್ರಿ ಚಕ್ರಕ್ಕೆ ಕೈಯೂರಿ ಕಾದರು. ಮನೆಯೊಳಗೆ ಯಾರೋ ಅಕ್ಕಿ ರುಬ್ಬುವ ಸದ್ದು. ಬಹಳ ಹೊತ್ತಾದ ಮೇಲೆ ಚಕ್ರ ಮನಸ್ಸಿಲ್ಲದ ಮನಸ್ಸಿನಿಂದ ಅಲುಗಿತು.

‘ಇನ್ನು ಕಳ್ಳ ಇಲ್ಲಿದ್ದಾನಾ, ಅಲ್ಲಿದ್ದಾನಾ ನೋಡುವ’ ಅಂದರು. ಮತ್ತೆ ನಾನು ಒತ್ತಿ ಬಿಟ್ಟೆ. ಚಕ್ರ ಸಿಕ್ಕಿಕೊಂಡಿತು. ಕಬ್ಬಿಣದ ಪೈಪಿನಿಂದ ಚಕ್ರಕ್ಕೆ ಹೋಗುವ ರಬ್ಬರ್ ಹೋಸಿದೆಯಲ್ಲ, ಆ ಹೋಸಿನ ಮೇಲಿನ ತುದಿಯ ನಟ್ಟನ್ನು ಚೂರು ಸಡಿಲಿಸಿದರು. ಚಕ್ರ ಬಿಡಲಿಲ್ಲ. ನಟ್ಟು ಬಿಗಿದು, ಈಗ ಕೆಳಗೆ ಚಕ್ರದ ಹತ್ತಿರದ ನಿಪ್ಪಲನ್ನು ಸಡಿಲಿಸಿದರು. ಪಿಚಕ್ಕನೆ ಕಪ್ಪು ಆಯಿಲ್ಲು ಚಿಮ್ಮಿತು, ಚಕ್ರ ಗಿರ್ರನೆ ತಿರುಗಿತು. ಮೇಲೆ ಬಿಟ್ಟರೆ ಬಿಡುವುದಿಲ್ಲ, ಕೆಳಗೆ ಬಿಟ್ಟರೆ ಬಿಡುತ್ತದೆ. ಅಂದರೆ ತಡೆ ಇರುವುದು ಎರಡರ ನಡುವೆ. ಪಿಯುಸಿಯಲ್ಲಿ ಪ್ಯಾಸ್ಕಲನ ನಿಯಮ ಓದಿದ್ದೆ, ಚಿತ್ರ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಒಂದು ಕಡೆ ಒತ್ತಿದ ಒತ್ತಡ ದ್ರವದೊಳಗೆ ಎಲ್ಲ ಕಡೆಗೂ ಒಂದೇ ಸಮ ಹೋಗುತ್ತದೆ ಅಂತ. ದಾರಿ ಕಟ್ಟಿಕೊಂಡಿದ್ದರೆ ಏನಾಗುತ್ತದೆ ಅಂತ ಆ ಪುಸ್ತಕದಲ್ಲಿ ಇರಲಿಲ್ಲ. ಅದು ನನಗೆ ತಿಳಿದದ್ದು ಆ ಮಾಡಿನ ಕೆಳಗೆ.

ಹೋಸು ಹೊರಗಿನಿಂದ ನೋಡಲು ಚೆನ್ನಾಗಿಯೇ ಇತ್ತು. ಒಂದು ಬಿರುಕಿಲ್ಲ. ಮೇಸ್ತ್ರಿ ಅದನ್ನು ಬಿಚ್ಚಿ ಕತ್ತಿಯಿಂದ ಅಡ್ಡಲಾಗಿ ಕೊಯ್ದು ಅಜ್ಜಿಯ ಕೈಗೆ ಕೊಟ್ಟರು. ಒಳಗಿನ ರಬ್ಬರು ವಯಸ್ಸಾಗಿ ಉಬ್ಬಿ ತೂತು ಮುಚ್ಚಿಕೊಂಡಿತ್ತು. ಗೋಣಿಸೂಜಿ ಹಾಕಿ ನೋಡಿದರೆ ಹೋಗಲಿಲ್ಲ. ಆಗ ಎಲ್ಲ ಒಂದೊಂದಾಗಿ ತಿಳಿಯುತ್ತ ಬಂತು. ಒತ್ತಿದಾಗ ಆಯಿಲ್ಲು ಆ ಸೂಜಿತೂತಿನಲ್ಲಿ ತಡವಾಗಿ ಹೋಗುತ್ತದೆ, ಬಲಚಕ್ರ ತಡವಾಗಿ ಹಿಡಿಯುತ್ತದೆ. ಅಷ್ಟರಲ್ಲಿ ಎಡಚಕ್ರ ಹಿಡಿದಾಗಿರುತ್ತದೆ, ಕಾರು ಎಡಕ್ಕೆ ಎಳೆಯುತ್ತದೆ. ಬಿಟ್ಟಾಗ ಹಿಂದಕ್ಕೂ ತಡವಾಗಿ ಬರುತ್ತದೆ, ಬಲಚಕ್ರ ಹಿಡಿದೇ ಇರುತ್ತದೆ, ಕಾರು ಬಲಕ್ಕೆ ಎಳೆಯುತ್ತದೆ. ಹಿಡಿದ ಚಕ್ರವನ್ನೇ ಇಂಜಿನ್ನು ಎಳೆದುಕೊಂಡು ಓಡಬೇಕು. ಪೆಟ್ರೋಲು ಸುಮ್ಮನೆ ಖರ್ಚಾಗುತ್ತದೆ. ಕಾರ್ಬುರೇಟರಿನ ತಪ್ಪು ಒಂದಿಷ್ಟೂ ಇರಲಿಲ್ಲ, ಪಾಪ. ಉಜ್ಜಿ ಉಜ್ಜಿ ಡ್ರಮ್ಮು ಕಾಯುತ್ತದೆ. ಘಾಟಿಯಲ್ಲಿ ಆ ಕಾವು ಚಕ್ರದ ಸಿಲಿಂಡರಿಗೇ ಇಳಿದು ಒಳಗಿನ ಆಯಿಲ್ಲು ಕುದಿಯಿತು. ಕುದ್ದರೆ ಆವಿ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿಯನ್ನು ಒತ್ತಿದರೆ ಕುಗ್ಗುತ್ತದೆ. ಚಿಕ್ಕಪ್ಪನ ಕಾಲು ನೆಲಕ್ಕೆ ಹೋದದ್ದು ಆ ಗುಳ್ಳೆಗಳನ್ನು ಒತ್ತಿಕೊಂಡು. ತಣಿದ ಮೇಲೆ ಆವಿ ಮತ್ತೆ ದ್ರವವಾಯಿತು, ಪೆಡಲು ವಾಪಸ್ ಬಂತು.

‘ಆಯಿಲ್ಲು ಅಷ್ಟು ಸುಲಭಕ್ಕೆ ಕುದಿಯುತ್ತಾ?’ ಅಂತ ಚಿಕ್ಕಪ್ಪ ಕೇಳಿದ.

‘ನೀರು ಕುಡಿದಿದ್ರೆ ಕುದೀತದೆ. ಈ ಆಯಿಲ್ಲು ಗಾಳಿಯಿಂದ ನೀರು ಕುಡೀತದೆ ಮಾರಾಯ್ರೆ. ಡಬ್ಬಿ ಮುಚ್ಚಳ ತೆಗೆದಿಟ್ರೂ ಕುಡೀತದೆ, ವರ್ಷ ಕಳೆದ್ರೂ ಕುಡೀತದೆ.’

ಅಜ್ಜಿಗೆ ಥಟ್ಟನೆ ಅರ್ಥವಾಯಿತು. ‘ಉಪ್ಪಿನ ಹಾಗೆ’ ಅಂದಳು. ‘ಬೆಳಿಗ್ಗೆ ಹೋಟೆಲಲ್ಲಿ ನೋಡಿದೆವಲ್ಲ, ಬಟ್ಟಲಲ್ಲಿ ನೀರಾಗಿತ್ತು.’

‘ಉಪ್ಪಿನ ಹಾಗೆಯೇ ಅಮ್ಮ’ ಅಂದರು ಮೇಸ್ತ್ರಿ. ಅವರು ನಕ್ಕದ್ದು ಆಗಲೇ ಮೊದಲು.

ಈಗ ಡಬ್ಬಿಗಳ ಮೇಲೆ ಬರೆದದ್ದನ್ನು ಓದುವ ಚಟ ನನಗೆ. ಡಾಟ್ 3 ಅನ್ನುವ ದರ್ಜೆಯ ಹೊಸ ಬ್ರೇಕ್ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ಅದೇ ಆಯಿಲ್ಲು ಶೇ. 3.7ರಷ್ಟು ನೀರು ಕುಡಿದಿದ್ದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230 ಮತ್ತು 155. ನೂರಕ್ಕೆ ನಾಲ್ಕು ಪಾಲೂ ಇಲ್ಲದ ನೀರಿಗೆ ಇಷ್ಟು ವ್ಯತ್ಯಾಸ. ನಮ್ಮ ಕಾರಿನ ಆಯಿಲ್ಲನ್ನು ಎಷ್ಟು ಮಳೆಗಾಲದಿಂದ ಬದಲಾಯಿಸಿರಲಿಲ್ಲವೋ, ಚಿಕ್ಕಪ್ಪನಿಗೇ ಲೆಕ್ಕ ಇರಲಿಲ್ಲ. ಕಡಿಮೆಯಾದಾಗ ಮೇಲಿಂದ ಹೊಯ್ಯುವುದು ಅಷ್ಟೇ ರೂಢಿ.

ಹೋಸು ತರಲು ಒಬ್ಬ ಹುಡುಗ ಬಸ್ಸಿನಲ್ಲಿ ಕಾರ್ಕಳಕ್ಕೆ ಹೋದ. ಎರಡು ತರಲು ಹೇಳಿದರು. ಒಂದಕ್ಕೆ ವಯಸ್ಸಾಗಿದ್ದರೆ ಜೊತೆಯದಕ್ಕೂ ಆಗಿರುತ್ತದೆ ಅಂತ. ಅವನು ಬರುವವರೆಗೆ ಮೇಸ್ತ್ರಿಯ ಮನೆಯ ಜಗಲಿಯಲ್ಲಿ ಕೂತೆವು. ಅವರ ಹೆಂಡತಿ ಕುಚ್ಚಲಕ್ಕಿ ಗಂಜಿ, ಚಟ್ನಿ ತಂದಿಟ್ಟರು. ಅಜ್ಜಿ ಅತ್ತೆಯ ಭರಣಿಯ ಬಾಯಿ ಬಿಚ್ಚಿ ಅಪ್ಪೆಮಿಡಿ ಬಡಿಸಿದಳು. ಅಜ್ಜಿಗೆ ತುಳು ಬಾರದು, ಆಕೆಗೆ ನಮ್ಮ ಮಲೆನಾಡಿನ ಕನ್ನಡ ಅರ್ಧಕ್ಕರ್ಧ. ಆದರೂ ಮಿಡಿಗೆ ಉಪ್ಪು ಎಷ್ಟು ದಿನ ಹಾಕಿಡಬೇಕು ಅನ್ನುವ ಬಗ್ಗೆ ಇಬ್ಬರೂ ಬೆರಳಿನಲ್ಲೇ ದೀರ್ಘ ಮಾತುಕತೆ ನಡೆಸಿದರು. ಗಂಜಿಯ ಬಿಸಿ, ಮಾಡಿನ ಮೇಲೆ ಮಳೆ, ಮೈಗೆ ಅಂಟಿದ ಒದ್ದೆ ಅಂಗಿ. ನನಗೆ ಅಲ್ಲೇ ನಿದ್ದೆ ಬಂತು ಅಂತ ಕಾಣುತ್ತದೆ, ಆ ಮಧ್ಯಾಹ್ನದ ಬಾಕಿ ಭಾಗ ಮಸುಕಾಗಿದೆ.

ಎಬ್ಬಿಸಿದ್ದು ಏರ್ ತೆಗೆಯುವ ಕೆಲಸಕ್ಕೆ. ಹೊಸ ಹೋಸು ಹಾಕಿಯಾಗಿತ್ತು. ಹುಡುಗನೇ ತಂದಿದ್ದ, ಸೀಲು ಒಡೆಯದ ಬ್ರೇಕ್ ಆಯಿಲ್ ಡಬ್ಬಿಯನ್ನು ಮೇಸ್ತ್ರಿ ನಮ್ಮೆದುರೇ ತೆರೆದರು. ಎಲ್ಲಕ್ಕಿಂತ ದೂರದ ಚಕ್ರ ಮೊದಲು, ಅಂದರೆ ಹಿಂದಿನ ಎಡಗಡೆಯದು. ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ನಿಪ್ಪಲಿಗೆ ಒಂದು ಸಣ್ಣ ಟ್ಯೂಬು, ಟ್ಯೂಬಿನ ತುದಿ ಆಯಿಲ್ಲು ತುಂಬಿದ ಗಾಜಿನ ಬಾಟ್ಲಿಯೊಳಗೆ ಮುಳುಗಿರಬೇಕು. ಕಾರಿನಡಿಯಿಂದ ಮೇಸ್ತ್ರಿಯ ದನಿ: ‘ಒತ್ತು... ಒತ್ತು... ಒತ್ತಿ ಹಿಡ್ಕೊ.’ ನಿಪ್ಪಲು ಬಿಚ್ಚಿದಾಗ ಪೆಡಲು ಕಾಲ ಕೆಳಗೆ ಇಳಿಯುತ್ತದೆ. ‘ಹಿಡ್ಕೊ, ಹಿಡ್ಕೊ... ಈಗ ಬಿಡು.’ ನಿಪ್ಪಲು ಬಿಗಿಯುವ ಮುಂಚೆ ಕಾಲು ತೆಗೆದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ಒಮ್ಮೆ ನಾನು ಹಾಗೆ ಮಾಡಿ, ಆ ಚಕ್ರದ ಕೆಲಸ ಮೊದಲಿಂದ ಶುರುವಾಯಿತು. ಮೇಸ್ತ್ರಿ ಬೈಯಲಿಲ್ಲ. ‘ಆತುರ ಬೇಡ’ ಅಂದರು ಅಷ್ಟೇ. ಬಾಟ್ಲಿಯಲ್ಲಿ ಮೊದಲು ಕಪ್ಪು, ಆಮೇಲೆ ಗುಳ್ಳೆ, ಆಮೇಲೆ ಸಣ್ಣ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಜೇನಿನ ಬಣ್ಣ. ಬಾಟ್ಲಿಯ ಆಯಿಲ್ಲನ್ನು ಮತ್ತೆ ಉಪಯೋಗಿಸಬಾರದು ಅಂತ ಚೆಲ್ಲಿಸಿದರು. ಮಡ್‌ಗಾರ್ಡಿನ ಮೇಲೆ ಚೆಲ್ಲಿದ ಎರಡು ಹನಿಯನ್ನು ಕೂಡಲೇ ನೀರು ಹೊಯ್ದು ತೊಳೆಸಿದರು. ಬಿಟ್ಟರೆ ಬಣ್ಣ ತಿನ್ನುತ್ತದೆ.

ಕೊನೆಗೆ ಪೆಡಲಿಗೆ ಕಾಲಿಟ್ಟಾಗ ಅದು ಮುಕ್ಕಾಲು ದಾರಿಗೂ ಮೊದಲೇ, ಕಲ್ಲಿನ ಮೆಟ್ಟಿಲು ಸಿಕ್ಕಿದ ಹಾಗೆ ಗಟ್ಟಿಯಾಗಿ ನಿಂತಿತು. ಆ ಗಟ್ಟಿತನ ನನ್ನ ಅಂಗಾಲಿಗೆ ಇವತ್ತಿಗೂ ಗೊತ್ತು.

ಎಷ್ಟು ತೆಗೆದುಕೊಂಡರೋ ನೆನಪಿಲ್ಲ. ಚಿಕ್ಕಪ್ಪ ಕೊಟ್ಟದ್ದರಲ್ಲಿ ಸ್ವಲ್ಪ ವಾಪಸ್ ಕೊಟ್ಟರು ಅನ್ನುವುದು ನೆನಪಿದೆ. ಅಜ್ಜಿ ಸಂಚಿ ಬಿಚ್ಚಿ, ಎರಡು ಎಲೆಗೆ ಸುಣ್ಣ ಸವರಿ, ಅಡಕತ್ತರಿಯಲ್ಲಿ ಒಂದು ಅಡಿಕೆ ಹೋಳು ಮಾಡಿ ಅವರ ಮುಂದೆ ಹಿಡಿದಳು. ಮೇಸ್ತ್ರಿ ಕೈಯನ್ನು ಲುಂಗಿಗೆ ಒರೆಸಿ ಎರಡೂ ಕೈಯಲ್ಲಿ ತೆಗೆದುಕೊಂಡರು.

ಈಗಿನ ಕಾರುಗಳಿಗೆ ಬೂಸ್ಟರ್ ಇರುತ್ತದೆ, ರೋಗದ ಬಗೆ ಬೇರೆ. ಕೆಲವು ವರ್ಷದ ಹಿಂದೆ ನಮ್ಮ ಅತ್ತೆಯ ಮಗ ತನ್ನ ಕಾರಿನ ಬ್ರೇಕು ತಡವಾಗುತ್ತಿದೆ, ಪೆಡಲು ಕಲ್ಲಾಗಿದೆ ಅಂದ. ಮೇಸ್ತ್ರಿ ಕೇಳಿದ ಹಾಗೆಯೇ ನಾನೂ ಕೇಳುತ್ತ ಹೋದೆ. ಇಂಜಿನ್ನು ನಿಲ್ಲಿಸಿ, ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಲು ಹೇಳಿದೆ. ಬೂಸ್ಟರ್ ಸರಿಯಿದ್ದರೆ ಆಗ ಪೆಡಲು ಚೂರು ಕೆಳಗಿಳಿಯಬೇಕು. ಇಳಿಯಲಿಲ್ಲ. ನೋಡಿದರೆ ಇಂಜಿನ್ನಿನಿಂದ ಬೂಸ್ಟರಿಗೆ ಹೋಗುವ ಪೈಪು ಸೀಳಿತ್ತು. ಚಕ್ರಗಳ ಪ್ಯಾಡು, ಶೂ ಬದಲಾಯಿಸಲು ಹೊರಟಿದ್ದವನನ್ನು ನಿಲ್ಲಿಸಿದ್ದು ನನಗೆ ಬಹಳ ಸಂತೋಷ ಕೊಟ್ಟಿತು. ಎರಡು ವರ್ಷಕ್ಕೊಮ್ಮೆ ಆಯಿಲ್ಲು ಬದಲಾಯಿಸು ಅಂತ ನಮ್ಮ ಕಡೆಯ ಹುಡುಗರಿಗೆಲ್ಲ ಬೇಡುತ್ತಲೇ ಇರುತ್ತೇನೆ. ಘಾಟಿ ಹತ್ತಿ ಇಳಿಯುವವರು ನಾವು.

ಉಡುಪಿಯಲ್ಲಿ ಅತ್ತೆ ಚೆನ್ನಾಗಿದ್ದಳು. ಪತ್ರೊಡೆ ಎಲ್ಲಿ ಅಂತ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಎರಡು ದಿನ ಬಿಟ್ಟು ವಾಪಸ್ ಹೊರಟೆವು. ಸೋಮೇಶ್ವರ ದಾಟಿದ ಕೂಡಲೇ ಅಜ್ಜಿ ಸಂಚಿಯಿಂದ ಅಡಿಕೆ ಮಡಿಲಿಗೆ ಸುರಿದುಕೊಂಡಳು. ಮೇಲೆ ಹತ್ತುತ್ತ ಯಾವುದೋ ತಿರುವಿನಾಚೆ ಮಂಜಿನಲ್ಲಿ ಒಂದು ದನ ರಸ್ತೆಗೆ ಅಡ್ಡ ನಿಂತಿತ್ತು. ಚಿಕ್ಕಪ್ಪನ ಕಾಲು ಹಳೆಯ ಲೆಕ್ಕದಲ್ಲೇ ಇತ್ತು. ಬಹಳ ಮುಂಚೆಯೇ, ಬಲವಾಗಿ ಒತ್ತಿದ. ಕಾರು ಒತ್ತಿದಲ್ಲೇ, ಮೂತಿ ಎತ್ತಲೂ ತಿರುಗಿಸದೆ, ನಿಂತುಬಿಟ್ಟಿತು. ಹಿಂದೆ ಅಡಿಕೆಗಳು ಚೆಲ್ಲಾಡಿ ಸೀಟಿನಡಿಗೆ ಉರುಳಿದವು.

‘ಅಷ್ಟು ದೂರ ಇರೋ ದನಕ್ಕೆ ಯಾಕೋ ಹೀಗೆ ಒತ್ತುತ್ತೀಯ?’ ಅಂದಳು ಅಜ್ಜಿ.

ಚಿಕ್ಕಪ್ಪ ಏನೂ ಹೇಳಲಿಲ್ಲ. ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು ದನವನ್ನೇ ನೋಡುತ್ತ ಕೂತಿದ್ದ. ದನ ಸರಿದು ಹೋಗುವ ಅವಸರದಲ್ಲೇನೂ ಇರಲಿಲ್ಲ. ನಾನು ಹಿಂದಕ್ಕೆ ಬಗ್ಗಿ ಸೀಟಿನಡಿ, ಭರಣಿಯ ಹಿಂದೆ, ಕಂಬಳಿಯ ಮಡಿಕೆಯಲ್ಲೆಲ್ಲ ಕೈಯಾಡಿಸಿ ಅಡಿಕೆ ಆರಿಸಿದೆ. ಎಷ್ಟು ಹುಡುಕಿದರೂ ಹದಿಮೂರೇ.

‘ಒಂದು ಕಮ್ಮಿ ಇದೆ ಅಜ್ಜಿ.’

ಅಜ್ಜಿ ಸ್ವಲ್ಪ ಹೊತ್ತು ಮಡಿಲನ್ನೇ ನೋಡಿದಳು. ‘ಅದು ಹೆಬ್ರಿಲಿದೆ’ ಅಂದಳು. ‘ಸರಿಯಾಗಿದೆ ಲೆಕ್ಕ. ಹೊರಡು.’

ದನ ಬದಿಗೆ ಸರಿಯಿತು. ಚಿಕ್ಕಪ್ಪ ಗೇರು ಹಾಕಿದ.